ಮೆಲುಕು ಹಾಕುವ ಹೊತ್ತು: ಏಕಾಂತ ಮತ್ತು ವಾಕ್ಯಧ್ಯಾನಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಯಾರು ಕೈಗೆ ಸಿಕ್ಕರೂ ಸತ್ಯವೇದವನ್ನು (ಬೈಬಲನ್ನು) ಅವರ ಮುಂದಿಟ್ಟು, ‘ಒಂದು ವಚನ ಓದು’ ಎನ್ನುತ್ತಿದ್ದರು. ಎರಡನೆಯ ವಚನಕ್ಕೆ ಹೋದರೆ ಕೈ ಎತ್ತಿ ತಡೆಯುತ್ತಿದ್ದರು. ಆಮೇಲೆ ಇಡೀ ದಿನ ಅವರ ತುಟಿಗಳು ಅಲುಗುತ್ತಲೇ ಇರುತ್ತಿದ್ದವು. ಬಟ್ಟೆ ಮಡಿಸುವಾಗ, ಪಾತ್ರೆ ಒರೆಸುವಾಗ, ಮಧ್ಯಾಹ್ನ ಗೋಡೆಗೆ ಒರಗಿ ಕುಳಿತಾಗ ಅದೇ ವಚನ, ಸಣ್ಣ ದನಿಯಲ್ಲಿ. ನಾನು ಆಗ ದಿನಕ್ಕೆ ಮೂರು ಅಧ್ಯಾಯ ಓದಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಸಂಜೆಯ ಹೊತ್ತಿಗೆ ನನ್ನ ಬಳಿ ಉಳಿದಿರುತ್ತಿದ್ದುದು ಆ ಗುರುತು. ಅಜ್ಜಿಯ ಬಳಿ ವಚನ ಉಳಿದಿರುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ, ಕೀರ್ತನೆ 1:2ರಲ್ಲಿ ‘ಹಗಲಿರುಳು ಧ್ಯಾನಿಸುವ’ ಎಂದು ನಾವು ಓದುವ ಕಡೆ ಹೀಬ್ರೂ ಮೂಲದಲ್ಲಿ ‘ಹಾಗಾ’ ಎಂಬ ಕ್ರಿಯಾಪದ ಇದೆ ಎಂದು ತಿಳಿಯಿತು. ಗೊಣಗುವುದು, ಗುನುಗುವುದು, ಗುರುಗುಟ್ಟುವುದು ಎಂದು ಅದರ ಅರ್ಥ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ಕಾಲಿಟ್ಟ ಸಿಂಹ ಗುರುಗುಟ್ಟುವುದಕ್ಕೂ 38:14ರಲ್ಲಿ ಪಾರಿವಾಳ ನರಳುವುದಕ್ಕೂ ಇದೇ ಪದ. ಅಂದರೆ ಸತ್ಯವೇದದ ಧ್ಯಾನಕ್ಕೆ ಗಂಟಲಿದೆ, ತುಟಿಯಿದೆ, ದನಿಯಿದೆ. ಅಜ್ಜಿ ಮಾಡುತ್ತಿದ್ದುದು ಅಕ್ಷರಶಃ ಅದನ್ನೇ. ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತಿರದ ಮಾತು ಮೆಲುಕು ಹಾಕುವುದು. ಮೇಯುವಾಗ ಅವಸರದಲ್ಲಿ ನುಂಗಿದ್ದನ್ನು ಹಸು ನೆರಳಿನಲ್ಲಿ ಮಲಗಿ ಮತ್ತೆ ಬಾಯಿಗೆ ತಂದುಕೊಂಡು ನಿಧಾನವಾಗಿ ಅಗಿಯುತ್ತದೆ. ಆ ನೆರಳು ಏಕಾಂತ. ಆ ಅಗಿತ ಧ್ಯಾನ. ಎರಡನ್ನೂ ಬೇರೆಬೇರೆಯಾಗಿ ಕಲಿಸುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಲ ಕಾಡಿದೆ. ಮುಂದಿನ ಕೀರ್ತನೆಯ ಮೊದಲ ವಚನದಲ್ಲೇ, ಜನಾಂಗಗಳು ವ್ಯರ್ಥವಾದುದನ್ನು ಯೋಚಿಸುತ್ತವೆ ಎನ್ನುವಲ್ಲಿ, ಮತ್ತೆ ಅದೇ ‘ಹಾಗಾ’ ಬರುತ್ತದೆ. ದೇವರ ಮಾತನ್ನು ಗುನುಗುವ ಬಾಯಿಯೇ ಸಂಚನ್ನೂ ಗೊಣಗಬಲ್ಲದು. ಯಾರೋ ಆಡಿದ ಚುಚ್ಚುಮಾತನ್ನು ರಾತ್ರಿಯೆಲ್ಲ ತಿರುಗಿಸಿ ಮುರುಗಿಸಿ ನೋಡಿದವರು ತಮಗೆ ಧ್ಯಾನ ಗೊತ್ತಿಲ್ಲ ಎನ್ನುವಂತಿಲ್ಲ. ಕ್ರಮ ಆಗಲೇ ಗೊತ್ತಿದೆ. ಬಾಯಲ್ಲಿರುವ ತುತ್ತು ಬದಲಾಗಬೇಕು.

ಈ ಬರಹ ಹೇಳುವುದು ಇಷ್ಟೇ: ಕಡಿಮೆ ಓದಿ, ಹೆಚ್ಚು ಹೊತ್ತು ಇರಿ. ಅದನ್ನು ಮಾಡುವುದು ಹೇಗೆ ಎಂಬುದು ಉಳಿದ ಭಾಗ.

ಏಕಾಂತ ಎಂದರೆ ಏನು

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ತೆರೆಯಿರಿ. ಕಪೆರ್ನೌಮಿನಲ್ಲಿ ಸಬ್ಬತ್ ದಿನ ಮುಗಿದು ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲ ಬಳಿ ಕೂಡಿದೆ. ರೋಗಿಗಳು, ದೆವ್ವ ಹಿಡಿದವರು, ಅವರನ್ನು ಹೊತ್ತು ತಂದವರು. ಅಂಥ ರಾತ್ರಿ ಕಳೆದ ಮೇಲೆ ಯಾರಾದರೂ ತಡವಾಗಿ ಏಳುತ್ತಾರೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದನು ಎಂದು 35ನೆಯ ವಚನ ಹೇಳುತ್ತದೆ. ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎನ್ನುತ್ತಾರೆ. ಆತನ ಉತ್ತರ ಅವರು ನಿರೀಕ್ಷಿಸಿದ್ದಲ್ಲ: ಹತ್ತಿರದ ಬೇರೆ ಊರುಗಳಿಗೆ ಹೋಗೋಣ, ನಾನು ಹೊರಟು ಬಂದದ್ದು ಅದಕ್ಕಾಗಿಯೇ. ಹೆಸರು ಕಟ್ಟಿಕೊಟ್ಟ ಊರಿನ ಕರೆಗೆ ಇಲ್ಲ ಎನ್ನುವ ಸ್ಪಷ್ಟತೆ ಆ ಕತ್ತಲ ಹೊತ್ತಿನಲ್ಲಿ ಬಂತೆಂದು ನಾನು ಓದುತ್ತೇನೆ.

ಲೂಕ 5:16 ಇದು ಆತನ ರೂಢಿಯಾಗಿತ್ತೆಂದು ಸೂಚಿಸುತ್ತದೆ. ಸ್ನಾನಿಕ ಯೋಹಾನನ ಕೊಲೆಯ ಸುದ್ದಿ ಕೇಳಿದಾಗ ಆತನು ಏಕಾಂತಕ್ಕೆ ಹೊರಟನು. ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮೊದಲು ಬೆಟ್ಟದ ಮೇಲೆ ಇಡೀ ರಾತ್ರಿ ಕಳೆದನು. ದುಃಖದಲ್ಲಿ, ನಿರ್ಧಾರದ ಮುಂದೆ, ದಣಿವಿನ ನಂತರ, ಮೂರು ಹೊತ್ತಿನಲ್ಲೂ ಆತನು ತಂದೆಯ ಬಳಿಗೆ ಹೋಗುತ್ತಿದ್ದನು. ಒಂಟಿತನದಲ್ಲಿ ಯಾರೂ ಇರುವುದಿಲ್ಲ. ಏಕಾಂತದಲ್ಲಿ ಒಬ್ಬನಿದ್ದಾನೆ, ಅವನಿಗಾಗಿ ಉಳಿದವರಿಂದ ಸ್ವಲ್ಪ ಹೊತ್ತು ದೂರ ಬಂದಿರುತ್ತೇವೆ.

ಮನಸ್ಸನ್ನು ಬರಿದು ಮಾಡಿಕೊಳ್ಳುವುದೇ ಧ್ಯಾನವಲ್ಲವೇ ಎಂದು ಹಲವರು ಕೇಳುತ್ತಾರೆ. ಕೀರ್ತನೆಗಾರನ ಮನಸ್ಸು ಬರಿದಾಗಿರುವುದಿಲ್ಲ; ಅದರಲ್ಲಿ ಒಂದು ಮಾತು ತುಂಬಿರುತ್ತದೆ. ಮೌನ ಬೇಕಾದದ್ದು ಆ ಮಾತು ಕೇಳಿಸಲಿ ಎಂದು.

ಮೊದಲ ಹೆಜ್ಜೆ: ಸ್ಥಳ ಮತ್ತು ಹೊತ್ತು

ಪ್ರಾರ್ಥಿಸುವಾಗ ನಿನ್ನ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಮತ್ತಾಯ 6:6ರಲ್ಲಿ ಯೇಸು ಹೇಳುತ್ತಾನೆ. ಅಲ್ಲಿರುವ ಗ್ರೀಕ್ ಪದ ‘ತಮೇಯೊನ್’. ಲೂಕ 12:24ರಲ್ಲಿ ಕಾಗೆಗಳಿಗೆ ಉಗ್ರಾಣವಿಲ್ಲ ಎನ್ನುವಾಗಲೂ ಅದೇ ಪದ. ಅದು ಪೂಜೆಗೆಂದು ಸಿಂಗರಿಸಿದ ಕೋಣೆಯಲ್ಲ, ಸಾಮಾನು ತುಂಬಿಡುವ ಒಳಕೋಣೆ. ಆದ್ದರಿಂದ ಶಾಂತವಾದ ಪ್ರತ್ಯೇಕ ಕೋಣೆ ಇಲ್ಲದವರು ಮನಸ್ಸು ಚಿಕ್ಕದು ಮಾಡಿಕೊಳ್ಳಬೇಕಿಲ್ಲ. ಮನೆಯ ಒಂದು ಮೂಲೆ, ಮಾಳಿಗೆಯ ಮೆಟ್ಟಿಲು, ಖಾಲಿ ದೇವಾಲಯದ ಹಿಂದಿನ ಬೆಂಚು, ನಿಲ್ಲಿಸಿದ ಕಾರಿನ ಒಳಗೆ, ಎಲ್ಲಿಯಾದರೂ ಆದೀತು. ಒಂದೇ ಜಾಗ, ಒಂದೇ ಕುರ್ಚಿ ಇರಲಿ. ಕೆಲವು ವಾರಗಳಲ್ಲಿ ಆ ಕುರ್ಚಿಯಲ್ಲಿ ಕುಳಿತ ತಕ್ಷಣ ದೇಹವೇ ನೆನಪು ಮಾಡಿಕೊಳ್ಳುತ್ತದೆ.

ಹೊತ್ತಿನ ವಿಷಯದಲ್ಲಿ ಮುಂಜಾನೆಯೇ ಆಗಬೇಕೆಂಬ ಕಟ್ಟು ಸತ್ಯವೇದದಲ್ಲಿಲ್ಲ. ಇಸಾಕನು ಹೊಲಕ್ಕೆ ಧ್ಯಾನಕ್ಕೆಂದು ಹೋದದ್ದು ಸಂಜೆ (ಆದಿಕಾಂಡ 24:63). ದಾವೀದನ ಹೆಸರಿನ 63ನೆಯ ಕೀರ್ತನೆ ರಾತ್ರಿ ಹಾಸಿಗೆಯ ಮೇಲಿನ ಧ್ಯಾನವನ್ನು ಹೇಳುತ್ತದೆ. ನಿಮ್ಮ ದಿನದಲ್ಲಿ ನೀವು ಅತಿ ಹೆಚ್ಚು ಎಚ್ಚರವಾಗಿರುವ ಹೊತ್ತು ಯಾವುದೋ ಅದನ್ನು ಕೊಡಿ. ಮಿಕ್ಕಿದ್ದನ್ನು ಕೊಡಬೇಡಿ.

ಆರಂಭಕ್ಕೆ 15 ನಿಮಿಷ ಸಾಕು. ಒಂದು ತಿಂಗಳು ಅಷ್ಟೇ ಮಾಡಿ. ಉತ್ಸಾಹದಲ್ಲಿ ಮೊದಲ ದಿನವೇ ಒಂದು ಗಂಟೆ ಕುಳಿತವರು ಎರಡನೆಯ ವಾರದಲ್ಲಿ ಬಿಟ್ಟುಬಿಡುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಸತ್ಯವೇದ ಮೊಬೈಲಿನಲ್ಲೇ ಇದೆ ಎನ್ನುವವರು ಆ ದಿನದ ಭಾಗವನ್ನು ಹಿಂದಿನ ರಾತ್ರಿಯೇ ಕಾಗದದ ಮೇಲೆ ಕೈಯಿಂದ ಬರೆದುಕೊಳ್ಳಿ. ಈ ಬರೆಯುವ ಕೆಲಸವೇ ಅರ್ಧ ಧ್ಯಾನ ಎಂದು ಮಾಡಿದವರಿಗೆ ತಿಳಿಯುತ್ತದೆ.

ಚಿಕ್ಕ ಮಕ್ಕಳ ತಾಯಂದಿರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಇದನ್ನೆಲ್ಲ ಓದಿ ನಿಟ್ಟುಸಿರು ಬಿಡುತ್ತಾರೆಂದು ಗೊತ್ತು. ಅವರಿಗಾಗಿ ಮಾರ್ಕ 6 ಇದೆ. ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಯೇಸು ವಿಶ್ರಾಂತಿಗೆಂದು ಏಕಾಂತ ಸ್ಥಳಕ್ಕೆ ಕರೆದೊಯ್ಯುತ್ತಾನೆ. ದೋಣಿ ದಡ ಸೇರುವ ಮೊದಲೇ ಜನ ಓಡಿ ಬಂದು ನಿಂತಿರುತ್ತಾರೆ. ಆತನು ಸಿಡಿಮಿಡಿಗೊಳ್ಳುವುದಿಲ್ಲ, ಕನಿಕರಪಟ್ಟು ಬೋಧಿಸುತ್ತಾನೆ, ಐದು ಸಾವಿರ ಗಂಡಸರಿಗೆ ರೊಟ್ಟಿ ಕೊಡುತ್ತಾನೆ. ಆದರೆ 46ನೆಯ ವಚನವನ್ನು ಬಿಡಬೇಡಿ: ಎಲ್ಲರನ್ನೂ ಕಳುಹಿಸಿದ ಮೇಲೆ ಪ್ರಾರ್ಥನೆಗಾಗಿ ಬೆಟ್ಟಕ್ಕೆ ಹೋಗುತ್ತಾನೆ. ತಪ್ಪಿದ ಏಕಾಂತವನ್ನು ಅದೇ ದಿನ ಮತ್ತೆ ಹುಡುಕಿಕೊಳ್ಳುತ್ತಾನೆ. ಮಗು ಅತ್ತರೆ ಎದ್ದು ಹೋಗಿ ಎತ್ತಿಕೊಳ್ಳಿ. ಮಗು ಮಲಗಿದ ಮೇಲೆ ಐದು ನಿಮಿಷ ಮರಳಿ ಬನ್ನಿ.

ಎರಡನೆಯ ಹೆಜ್ಜೆ: ಸುಮ್ಮನಾಗುವುದು

ಪುಸ್ತಕ ತೆರೆಯುವ ಮೊದಲು ಮೂರರಿಂದ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಪಾದಗಳು ನೆಲದ ಮೇಲಿರಲಿ, ಕೈಗಳು ತೆರೆದಿರಲಿ. ‘ಕರ್ತನೇ, ನಾನಿದ್ದೇನೆ’ ಎಂಬ ಒಂದು ಮಾತು ಸಾಕು.

ನಿದ್ದೆ ಬಂದರೆ? ಪ್ರವಾದಿ ಎಲೀಯನನ್ನು ನೆನಪಿಸಿಕೊಳ್ಳಿ. 1 ಅರಸುಗಳು 19ರಲ್ಲಿ ಸಾಯಬೇಕೆಂದು ಬೇಡಿಕೊಂಡು ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತನು ಉಪದೇಶ ಮಾಡುವುದಿಲ್ಲ. ಮಲಗಲು ಬಿಡುತ್ತಾನೆ, ಎಬ್ಬಿಸಿ ಉಣಿಸುತ್ತಾನೆ, ಮತ್ತೆ ಮಲಗಲು ಬಿಟ್ಟು ಮತ್ತೆ ಉಣಿಸುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಅದಾದ ಮೇಲೆ, 40 ದಿನಗಳ ದಾರಿ ಸವೆದ ಮೇಲೆ ಕೇಳಿಸುತ್ತದೆ. ವಾರವಿಡೀ ನಿದ್ದೆಗೆಟ್ಟವರ ಮೊದಲ ಆತ್ಮಿಕ ಕರ್ತವ್ಯ ಬೇಗ ಮಲಗುವುದು. ಇದನ್ನು ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ನಿದ್ದೆಗಿಂತ ದೊಡ್ಡ ತೊಂದರೆ ಸದ್ದು. ಹೊರಗಿನ ಸದ್ದು ನಿಂತ ಕೂಡಲೇ ಒಳಗಿನದು ಏಳುತ್ತದೆ. ಮೊದಲು ಬರುವುದು ಮಾಡಬೇಕಾದ ಕೆಲಸಗಳ ಸಾಲು. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು ಬರೆದು ಮಡಿಸಿಡಿ. ಬರೆದದ್ದನ್ನು ಮನಸ್ಸು ಬಿಟ್ಟುಕೊಡುತ್ತದೆ. ಅದರ ಕೆಳಗಿನ ಪದರ ಬೇರೆ ಬಗೆಯದು. ಹಳೆಯ ಸಿಟ್ಟು, ಯಾರ ಮೇಲೋ ಹೊಟ್ಟೆಕಿಚ್ಚು, ಹೇಳಿಕೊಳ್ಳದ ಭಯ. ಇವು ಬಂದಾಗ ಬಹಳ ಮಂದಿ ‘ನನಗೆ ಇದು ಒಗ್ಗುವುದಿಲ್ಲ’ ಎಂದು ಏಳುತ್ತಾರೆ. ನನ್ನ ಅನುಭವದಲ್ಲಿ ಕೆಲಸ ಶುರುವಾಗುವುದೇ ಇಲ್ಲಿ. ಈಜಿಪ್ಟಿನ ಮರುಭೂಮಿಯಲ್ಲಿದ್ದ ಮೋಶೆ ಎಂಬ ಹಿರಿಯ ಸನ್ಯಾಸಿ, ಉಪದೇಶ ಕೇಳಲು ಬಂದವನಿಗೆ, ‘ಹೋಗಿ ನಿನ್ನ ಗುಡಿಸಲಿನಲ್ಲಿ ಕುಳಿತುಕೋ, ಅದೇ ನಿನಗೆ ಎಲ್ಲವನ್ನೂ ಕಲಿಸುತ್ತದೆ’ ಎಂದು ಹೇಳಿದರಂತೆ. ಗುಡಿಸಲು ಮೊದಲು ಕಲಿಸುವ ಪಾಠ, ನಾವು ಯಾವುದರಿಂದ ಓಡುತ್ತಿದ್ದೆವು ಎಂಬುದು.

ಅದೇ ಮರುಭೂಮಿಯಲ್ಲಿ, 4ನೆಯ ಶತಮಾನದಲ್ಲಿ, ಇವಾಗ್ರಿಯಸ್ ಎಂಬ ಸನ್ಯಾಸಿ ನಡುಮಧ್ಯಾಹ್ನದ ಬೇಸರವನ್ನು ಎಷ್ಟು ನಿಖರವಾಗಿ ಬರೆದಿಟ್ಟಿದ್ದಾನೆಂದರೆ ಓದುವಾಗ ಮುಖ ಕೆಂಪಾಗುತ್ತದೆ. ಸೂರ್ಯ ನಿಂತೇಬಿಟ್ಟಂತೆ ಕಾಣುತ್ತಾನೆ, ದಿನಕ್ಕೆ 50 ಗಂಟೆಗಳಿರುವಂತೆ ಅನಿಸುತ್ತದೆ. ಕುಳಿತವನು ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ. ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಹೊರಬಂದು ಸೂರ್ಯನನ್ನು ಅಳೆಯುತ್ತಾನೆ. ಯಾರಾದರೂ ಬರುತ್ತಾರೇನೋ ಎಂದು ಇಣುಕುತ್ತಾನೆ. ಕೊನೆಗೆ ಈ ಸ್ಥಳವೇ ಸರಿಯಿಲ್ಲ, ಇಲ್ಲಿಯವರಲ್ಲಿ ಪ್ರೀತಿಯೇ ಇಲ್ಲ ಎಂದು ತೀರ್ಮಾನಿಸುತ್ತಾನೆ. ಕಿಟಕಿಯ ಜಾಗದಲ್ಲಿ ಈಗ ಮೊಬೈಲ್ ಇದೆ, ಅಷ್ಟೇ ವ್ಯತ್ಯಾಸ. ಅದಕ್ಕೆ ಆತ ಸೂಚಿಸುವ ಮದ್ದು ಸರಳ: ಜಾಗ ಬಿಟ್ಟು ಏಳಬೇಡ.

ಒಳಗಿನಿಂದ ಏಳುವ ಭಾವವೇನಾದರೂ ಇದ್ದರೆ ಅದನ್ನು ಹೆಸರಿಟ್ಟು ದೇವರ ಮುಂದಿಡಿ: ‘ಇದು ಸಿಟ್ಟು. ಇವರ ಮೇಲೆ. ಇದನ್ನು ಹೊತ್ತುಕೊಂಡೇ ನಿನ್ನ ಮಾತು ಕೇಳಲು ಬಂದಿದ್ದೇನೆ.’ ಆಮೇಲೆ ಪುಸ್ತಕ ತೆರೆಯಿರಿ.

ಮೂರನೆಯ ಹೆಜ್ಜೆ: ಭಾಗವನ್ನು ಆರಿಸುವುದು

ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನವನ್ನು ಆ ದಿನದ ಸಂದೇಶವೆಂದು ತೆಗೆದುಕೊಳ್ಳುವ ರೂಢಿಯನ್ನು ಬಿಡಿ. ಸತ್ಯವೇದ ಚೀಟಿ ಎತ್ತುವ ಪೆಟ್ಟಿಗೆಯಲ್ಲ. ಭಾಗವನ್ನು ಮೊದಲೇ ನಿಶ್ಚಯಿಸಿಕೊಳ್ಳಿ, ಮತ್ತು ಅದು ಚಿಕ್ಕದಾಗಿರಲಿ. ಕೀರ್ತನೆಯಾದರೆ ಮೂರು ನಾಲ್ಕು ವಚನ, ಸುವಾರ್ತೆಯಾದರೆ ಒಂದು ಘಟನೆ.

ಮೊದಲ ವಾರಕ್ಕೆ ನಾನು ಎಲ್ಲರಿಗೂ ಹೇಳುವುದು 131ನೆಯ ಕೀರ್ತನೆ. ಮೂರೇ ವಚನಗಳು. ಅದರ ನಡುವೆ ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಇದೆ. ಹಾಲು ಕುಡಿಯುವ ಕೂಸು ತಾಯಿಯ ಮಡಿಲಿಗೆ ಬಂದರೆ ಹುಡುಕಾಡುತ್ತದೆ, ಅಳುತ್ತದೆ. ಹಾಲು ಬಿಟ್ಟ ಕೂಸು ಏನನ್ನೂ ಕೇಳದೆ ಸುಮ್ಮನೆ ಒರಗುತ್ತದೆ. ಏಕಾಂತ ಏನೆಂದು ಇದಕ್ಕಿಂತ ಚೆನ್ನಾಗಿ ಯಾರೂ ಬರೆದದ್ದನ್ನು ನಾನು ಓದಿಲ್ಲ. ಬಳಿಕ 23, 62, 27ನೆಯ ಕೀರ್ತನೆಗಳು. ಯೋಹಾನ 15ರ ದ್ರಾಕ್ಷಿಬಳ್ಳಿ. ಮಾರ್ಕನ ಚಿಕ್ಕ ಘಟನೆಗಳು. ಕ್ರಮವಾಗಿ ಮುಂದುವರಿಯಬೇಕೆನ್ನುವವರಿಗೆ 119ನೆಯ ಕೀರ್ತನೆ ಹೇಳಿ ಮಾಡಿಸಿದಂತಿದೆ. ಅದರ 176 ವಚನಗಳು ಎಂಟೆಂಟರ 22 ಗುಂಪುಗಳಾಗಿವೆ, ಹೀಬ್ರೂ ವರ್ಣಮಾಲೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಗುಂಪು. ವಂಶಾವಳಿಗಳನ್ನೂ ಪ್ರಕಟಣೆ ಗ್ರಂಥದ ದರ್ಶನಗಳನ್ನೂ ಅಧ್ಯಯನದ ಹೊತ್ತಿಗೆ ಇಟ್ಟುಕೊಳ್ಳಿ.

ಒಂದು ಭಾಗದಲ್ಲಿ ಎಷ್ಟು ದಿನ? ಒಂದು ವಾರ ಎನ್ನುತ್ತೇನೆ. ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಖ್ ಬಾನ್‌ಹಾಫರ್ 1935ರಿಂದ ಫಿಂಕನ್‌ವಾಲ್ಡೆಯಲ್ಲಿ ಸಭಾಪಾಲಕರಾಗಲಿರುವವರಿಗೆ ತರಬೇತಿ ಕೊಡುತ್ತಿದ್ದಾಗ ದಿನವೂ ಅರ್ಧ ಗಂಟೆ ಮೌನವಾಗಿ ವಾಕ್ಯಧ್ಯಾನ ಮಾಡಿಸುತ್ತಿದ್ದರು. ವಾರವಿಡೀ ಅದೇ ಭಾಗ. ವಿದ್ಯಾರ್ಥಿಗಳಿಗೆ ಇದು ಮೊದಮೊದಲು ಬಹಳ ಕಷ್ಟವಾಯಿತು. ನಾಟ್ಸಿ ಆಡಳಿತದ ಗುಪ್ತ ಪೊಲೀಸರು 1937ರಲ್ಲಿ ಆ ಶಾಲೆಯನ್ನು ಮುಚ್ಚಿಸಿದರು. ಅದಾದ ಮೇಲೆ ಸೆರೆಮನೆಗಳಲ್ಲಿ, ಯುದ್ಧರಂಗದಲ್ಲಿ ಇದ್ದವರ ಜೊತೆಗೆ ಯಾವ ಗ್ರಂಥಾಲಯವೂ ಹೋಗುವಂತಿರಲಿಲ್ಲ. ಎದೆಯಲ್ಲಿ ಇಳಿದಿದ್ದ ವಾಕ್ಯವನ್ನು ಯಾರೂ ಕಸಿಯುವಂತಿರಲಿಲ್ಲ.

ನಾಲ್ಕನೆಯ ಹೆಜ್ಜೆ: ಓದುವುದು

ಗಟ್ಟಿಯಾಗಿ ಓದಿ. ಕಣ್ಣು ಜಿಗಿಯುತ್ತದೆ, ನಾಲಿಗೆ ಜಿಗಿಯಲಾರದು. ಮೂರು ಬಾರಿ ಓದಿ, ಪ್ರತಿ ಬಾರಿಯ ನಂತರ ಸ್ವಲ್ಪ ನಿಲ್ಲಿ. ಮೊದಲ ಓದು ಏನು ನಡೆಯುತ್ತಿದೆ ಎಂದು ತಿಳಿಯಲು. ಎರಡನೆಯದರಲ್ಲಿ ಯಾವುದೋ ಒಂದು ಪದ ಸೆರಗು ಹಿಡಿದು ಎಳೆಯುತ್ತದೆ, ಅದನ್ನು ಗುರುತಿಸಿ. ಮೂರನೆಯದು ಆ ಪದದ ಬಳಿಗೆ ಬರಲು. ಹಳೆಯ ಅನುವಾದವನ್ನೂ ಹೊಸ ಸರಳ ಅನುವಾದವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡರೆ, ಎರಡೂ ಬೇರೆಯಾಗುವ ಜಾಗದಲ್ಲೇ ಮೂಲದ ಯಾವುದೋ ಆಳ ಅಡಗಿರುತ್ತದೆ.

12ನೆಯ ಶತಮಾನದಲ್ಲಿ ಎರಡನೆಯ ಗಿಗೋ ಎಂಬ ಕಾರ್ತೂಸಿಯನ್ ಸನ್ಯಾಸಿ ಈ ಕ್ರಮವನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ: ಓದು, ಧ್ಯಾನ, ಪ್ರಾರ್ಥನೆ, ದರ್ಶನ. ಓದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆ ರುಚಿಯನ್ನು ಹೊರತರುತ್ತದೆ, ದರ್ಶನವೆಂದರೆ ಆ ಸವಿಯೇ ಎಂಬುದು ಅವನ ಮಾತಿನ ಸಾರ. ನಾವು ಸಾಮಾನ್ಯವಾಗಿ ಬಾಯಿಗಿಟ್ಟು ಎದ್ದುಬಿಡುತ್ತೇವೆ.

ಐದನೆಯ ಹೆಜ್ಜೆ: ಅಗಿಯುವುದು

ಇದನ್ನು ವಿವರಿಸುವುದಕ್ಕಿಂತ ಮಾಡಿ ತೋರಿಸುವುದು ಮೇಲು. ಮಾರ್ಕ 10:46-52, ಕುರುಡ ಬಾರ್ತಿಮಾಯನ ಪ್ರಸಂಗ. ಒಂದು ವಾರ ನಾನು ಇದರೊಂದಿಗೆ ಕುಳಿತದ್ದು ಹೀಗೆ.

ಸೋಮವಾರ ನನಗೆ ಏನೂ ಹೊಳೆಯಲಿಲ್ಲ. ಚಿಕ್ಕಂದಿನಿಂದ ಕೇಳಿದ ಕಥೆ, ಮುಗಿಯುವ ಮೊದಲೇ ಮುಗಿದಿತ್ತು. ಮಂಗಳವಾರ ‘ನಿಂತನು’ ಎಂಬ ಮಾತಿನ ಬಳಿ ನಿಂತೆ. ಯೇಸು ಯೆರಿಕೋವಿನಿಂದ ಯೆರೂಸಲೇಮಿನತ್ತ, ತನ್ನ ಮರಣದತ್ತ ನಡೆಯುತ್ತಿದ್ದಾನೆ. ಸುತ್ತ ದೊಡ್ಡ ಗುಂಪು. ಸುಮ್ಮನಿರು ಎಂದು ಗದರಿಸಿಕೊಂಡ ಒಬ್ಬ ಭಿಕ್ಷುಕನ ಕೂಗಿಗೆ ಆ ಇಡೀ ಮೆರವಣಿಗೆ ನಿಂತುಬಿಡುತ್ತದೆ. ಆ ದಿನ ಅಷ್ಟೇ.

ಬುಧವಾರ ಕಣ್ಣಿಗೆ ಬಿದ್ದದ್ದು ಬಟ್ಟೆ. ಕರೆಯುತ್ತಿದ್ದಾನೆ ಎಂದು ಕೇಳಿದ ಕೂಡಲೇ ಅವನು ಮೇಲುಹೊದಿಕೆಯನ್ನು ಬಿಸಾಡಿ ಎದ್ದು ಬರುತ್ತಾನೆ. ಕುರುಡನೊಬ್ಬ ತನ್ನ ಬಟ್ಟೆಯನ್ನು ಎಲ್ಲಿಟ್ಟೆನೆಂದು ತಿಳಿದೇ ಇಡಬೇಕು. ಬಿಸಾಡಿದರೆ ಮತ್ತೆ ಹುಡುಕುವುದು ಹೇಗೆ? ಅವನಿಗೆ ಕಣ್ಣು ಇನ್ನೂ ಬಂದಿರಲಿಲ್ಲ, ಆದರೂ ಬಿಸಾಡಿದ. ನಾನು ಯಾವುದನ್ನು ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇಟ್ಟುಕೊಂಡು ಕುಳಿತಿದ್ದೇನೆ ಎಂದು ಆ ದಿನವಿಡೀ ಕೇಳಿಕೊಂಡೆ.

ಗುರುವಾರ ಹಿಂದಿನ ಪ್ರಸಂಗವನ್ನೂ ಓದಿದೆ. ‘ನಿನಗೆ ನಾನೇನು ಮಾಡಬೇಕು’ ಎಂದು ಯೇಸು ಬಾರ್ತಿಮಾಯನನ್ನು ಕೇಳುವ ಪ್ರಶ್ನೆಯನ್ನೇ ಸ್ವಲ್ಪ ಮೊದಲು, 36ನೆಯ ವಚನದಲ್ಲಿ, ಯಾಕೋಬ ಯೋಹಾನರನ್ನೂ ಕೇಳಿರುತ್ತಾನೆ. ಅವರು ಮಹಿಮೆಯಲ್ಲಿ ಎಡಬಲದ ಆಸನಗಳನ್ನು ಕೇಳಿದರು. ಇವನು ನೋಡಬೇಕೆಂದ. ಶುಕ್ರವಾರ ಆ ಪ್ರಶ್ನೆ ನನ್ನ ಕಡೆಗೆ ತಿರುಗಿತು, ಮತ್ತು ನನ್ನ ಉತ್ತರ ಆಸನ ಕೇಳಿದವರ ಉತ್ತರಕ್ಕೆ ಹತ್ತಿರವಿತ್ತು. ಅಂದಿನ ಪ್ರಾರ್ಥನೆ ಕಣ್ಣೀರಿನದು. ಶನಿವಾರ ಮೌನವಾಗಿ ಕುಳಿತೆ. ‘ನಿಂತನು’ ಎಂಬ ಮಂಗಳವಾರದ ಪದ ತಾನಾಗಿ ಮರಳಿ ಬಂತು.

ಇಲ್ಲಿ ಯಾವ ವಿಶೇಷ ವಿದ್ಯೆಯೂ ಇಲ್ಲ. ಗಮನಿಸುವುದು, ಕೇಳಿಕೊಳ್ಳುವುದು, ಕಾಯುವುದು. ಘಟನೆಯಾದರೆ ಅದರೊಳಗೆ ನಿಂತು ನೋಡಿ: ಧೂಳು, ಗದರಿಸುವ ದನಿ, ನೀವು ಗುಂಪಿನಲ್ಲಿ ಎಲ್ಲಿದ್ದೀರಿ. ಒಂದೇ ವಚನವಾದರೆ ಪ್ರತಿ ಪದಕ್ಕೂ ಒಮ್ಮೊಮ್ಮೆ ಒತ್ತು ಕೊಟ್ಟು ಹೇಳಿ. ‘ಯೆಹೋವನು ನನಗೆ ಕುರುಬನು’ ಎಂಬಲ್ಲಿ ‘ನನಗೆ’ ಎಂಬುದಕ್ಕೆ ಒತ್ತು ಬಿದ್ದಾಗ ಏನಾಗುತ್ತದೆ ನೋಡಿ.

ಒಂದು ಎಚ್ಚರಿಕೆ. ಧ್ಯಾನ ವಚನವನ್ನು ಅದರ ಊರಿನಿಂದ ಕಿತ್ತು ತರಬಾರದು. ಯೆರೆಮೀಯ 29:11ರ ಹಿತದ ಯೋಜನೆಗಳ ಮಾತನ್ನು ನಾವು ಪ್ರೀತಿಯಿಂದ ಗೋಡೆಗೆ ತೂಗುಹಾಕುತ್ತೇವೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಹಿಂದಿನ ವಚನವೇ 70 ವರ್ಷ ಕಾಯಬೇಕೆಂದು ಹೇಳುತ್ತದೆ. ಆ 70 ವರ್ಷಗಳನ್ನು ಸೇರಿಸಿ ಓದಿದಾಗ ವಾಗ್ದಾನ ಚಿಕ್ಕದಾಗುವುದಿಲ್ಲ, ಗಟ್ಟಿಯಾಗುತ್ತದೆ. ವಾರಕ್ಕೊಮ್ಮೆ ಇಡೀ ಅಧ್ಯಾಯವನ್ನು ಓದಿ.

ಆರನೆಯ ಹೆಜ್ಜೆ: ಮಾತನಾಡುವುದು, ಸುಮ್ಮನಿರುವುದು

ಬ್ರಿಸ್ಟಲಿನಲ್ಲಿ ಅನಾಥ ಮಕ್ಕಳನ್ನು ಸಲಹಿದ ಜಾರ್ಜ್ ಮುಲ್ಲರ್ ಪ್ರಾರ್ಥನೆಯ ಮನುಷ್ಯನೆಂದೇ ಹೆಸರಾದವರು. ಅವರು 1841ರಲ್ಲಿ ಬರೆದ ಒಂದು ಸಂಗತಿ ನನಗೆ ಬಹಳ ಸಮಾಧಾನ ಕೊಟ್ಟಿದೆ. ಅದುವರೆಗೆ ಅವರು ಬೆಳಿಗ್ಗೆ ಎದ್ದವರೇ ಪ್ರಾರ್ಥನೆಗೆ ಮೊಣಕಾಲೂರುತ್ತಿದ್ದರು, ಎಷ್ಟೋ ಬಾರಿ ಹತ್ತು ನಿಮಿಷ, ಕಾಲು ಗಂಟೆ, ಅರ್ಧ ಗಂಟೆಯವರೆಗೂ ಮನಸ್ಸು ಅಲೆದಾಡಿ, ಆಮೇಲೆ ನಿಜವಾದ ಪ್ರಾರ್ಥನೆ ಶುರುವಾಗುತ್ತಿತ್ತು. ಬಳಿಕ ಕ್ರಮ ಬದಲಿಸಿ ಮೊದಲು ವಾಕ್ಯವನ್ನು ಧ್ಯಾನಿಸತೊಡಗಿದರು. ಪ್ರಾರ್ಥನೆ ತಾನಾಗಿ ಹುಟ್ಟಿಬಂತು. ಮಾತು ಮೊದಲು ಆತನದು, ನಮ್ಮದು ಉತ್ತರ. ಈ ಕ್ರಮ ಹಿಡಿದರೆ ಏನು ಪ್ರಾರ್ಥಿಸಲಿ ಎಂಬ ಪ್ರಶ್ನೆ ಏಳುವುದಿಲ್ಲ.

ಉತ್ತರ ಚೆಂದವಾಗಿರಬೇಕಿಲ್ಲ. 88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದೂ ಪರಿಶುದ್ಧ ಗ್ರಂಥದಲ್ಲಿ ಇದೆ. ಮಾತು ಮುಗಿದ ಮೇಲೆ ಕೊನೆಯ ಎರಡು ಮೂರು ನಿಮಿಷ ಏನನ್ನೂ ಹೇಳದೆ ಇರಿ, 131ನೆಯ ಕೀರ್ತನೆಯ ಕೂಸಿನಂತೆ.

ಏಳುವ ಮೊದಲು ಪುಟ್ಟ ಪುಸ್ತಕದಲ್ಲಿ ತಾರೀಖು, ವಚನ, ಒಂದೇ ಒಂದು ಸಾಲು ಬರೆಯಿರಿ. ಪದವನ್ನು ಬಾಯಲ್ಲಿಟ್ಟುಕೊಂಡು ಎದ್ದು ಹೋಗಿ. ಬಸ್ಸಿಗೆ ಕಾಯುವಾಗ, ಮೆಟ್ಟಿಲು ಹತ್ತುವಾಗ ಅದನ್ನು ಗುನುಗಿ. ರಾತ್ರಿ ದೀಪ ಆರಿಸಿದ ಮೇಲೆ ಇನ್ನೊಮ್ಮೆ.

ಒಣಗಿದ ದಿನಗಳು, ಎಚ್ಚರದ ಮಾತುಗಳು

ಆರು ವಾರ, ಎರಡು ತಿಂಗಳು ಕಳೆದ ಮೇಲೆ ಒಂದು ಬರ ಬರುತ್ತದೆ. ವಚನಗಳು ಮರದ ತುಂಡಿನಂತೆ ಕೂತಿರುತ್ತವೆ. ಆ ದಿನಗಳಲ್ಲಿ ಹೊತ್ತನ್ನು ಹೆಚ್ಚಿಸಬೇಡಿ, ಕಡಿಮೆಯೂ ಮಾಡಬೇಡಿ. ಬೇಕಾದರೆ ಕುಳಿತುಕೊಳ್ಳುವ ಬದಲು ನಡೆಯುತ್ತಾ ಧ್ಯಾನಿಸಿ, ವಚನವನ್ನು ಹಾಡಿ, ಕೈಯಿಂದ ಬರೆಯಿರಿ. ಕೆಲವೊಮ್ಮೆ ಬರಕ್ಕೆ ಕಾರಣವಿರುತ್ತದೆ, ನಾವು ವಿಧೇಯರಾಗದೆ ಪಕ್ಕಕ್ಕಿಟ್ಟ ಒಂದು ಮಾತು. ಪುಟ್ಟ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದರೆ ಸಿಗುತ್ತದೆ. ಕೆಲವೊಮ್ಮೆ ಯಾವ ಕಾರಣವೂ ಇರುವುದಿಲ್ಲ.

‘ದೇವರು ನನಗೆ ಹೀಗೆ ಹೇಳಿದನು’ ಎಂದು ಹೊರಬಂದು ಸಾರುವ ಆತುರ ಬೇಡ. ಎಲ್ಲವನ್ನೂ ಪರಿಶೋಧಿಸಿರಿ ಎಂದು 1 ಥೆಸಲೊನೀಕ 5:21 ಹೇಳುತ್ತದೆ. ಮೌನದಲ್ಲಿ ಕೇಳಿಸಿದ್ದು ಸತ್ಯವೇದದ ಒಟ್ಟು ಬೋಧನೆಗೆ ಒಪ್ಪುತ್ತದೆಯೇ, ನಿಮ್ಮನ್ನು ಬಲ್ಲ ಪ್ರೌಢ ವಿಶ್ವಾಸಿಯೊಬ್ಬರು ಏನೆನ್ನುತ್ತಾರೆ ಎಂದು ನೋಡಿ. ಒಂಟಿಯಾಗಿರಲಾರದವನು ಸಹವಾಸದ ಬಗ್ಗೆ ಎಚ್ಚರವಾಗಿರಲಿ, ಸಹವಾಸದಲ್ಲಿ ಇಲ್ಲದವನು ಒಂಟಿತನದ ಬಗ್ಗೆ ಎಚ್ಚರವಾಗಿರಲಿ ಎಂದು ಬಾನ್‌ಹಾಫರ್ ಎರಡೂ ಕಡೆಗೆ ಎಚ್ಚರಿಸಿದ್ದರು. ಭಾನುವಾರದ ಆರಾಧನೆಯನ್ನು ತಪ್ಪಿಸಲು ಏಕಾಂತ ನೆಪವಾಗಬಾರದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತು. ಆಘಾತದ ನೆನಪುಗಳು ನುಗ್ಗಿ ಬರುತ್ತಿದ್ದರೆ, ಮನಸ್ಸು ಆಳವಾಗಿ ಕುಸಿದಿದ್ದರೆ, ಸಾಯುವ ಆಲೋಚನೆ ಬರುತ್ತಿದ್ದರೆ ದಯವಿಟ್ಟು ಒಬ್ಬರೇ ಮೌನಕ್ಕೆ ಹೋಗಬೇಡಿ. ನಂಬುವವರೊಬ್ಬರಿಗೆ ಇಂದೇ ಹೇಳಿ, ವೈದ್ಯರನ್ನು ನೋಡಿ. ಆ ಕಾಲದಲ್ಲಿ ಪಕ್ಕದಲ್ಲಿ ಕುಳಿತು ಬೇರೆಯವರು ಓದುವ ಒಂದು ವಚನವೇ ಸಾಕಾದ ಧ್ಯಾನ.

ಅರ್ಧ ದಿನದ ಏಕಾಂತ

ದಿನದ 15 ನಿಮಿಷ ಕ್ರಮೇಣ ಅರ್ಧ ಗಂಟೆಯಾಗಿ ನೆಲೆಗೊಂಡ ಮೇಲೆ, ಎರಡು ಮೂರು ತಿಂಗಳಿಗೊಮ್ಮೆ ನಾಲ್ಕು ಗಂಟೆಗಳನ್ನು ತೆಗೆದಿಡಿ. ಮನೆಯವರಿಗೆ ಎಲ್ಲಿರುತ್ತೀರಿ, ಯಾವಾಗ ಬರುತ್ತೀರಿ ಎಂದು ತಿಳಿಸಿ ಹೋಗಿ. ಸತ್ಯವೇದ, ಬರೆಯುವ ಪುಸ್ತಕ, ನೀರು ಸಾಕು. ಬೇರೆ ಪುಸ್ತಕ ಒಯ್ದರೆ ಅದೇ ಕಿಟಕಿಯಾಗುತ್ತದೆ. ಮೊದಲ ಗಂಟೆ ನಡೆಯಿರಿ ಅಥವಾ ಮಲಗಿ, ದೇಹ ಇಳಿಯಲಿ. ಎರಡನೆಯ ಗಂಟೆ ಒಂದೇ ಭಾಗದೊಂದಿಗೆ. ಮೂರನೆಯದರಲ್ಲಿ ಕಳೆದ ತಿಂಗಳುಗಳ ಆ ಒಂದೊಂದು ಸಾಲುಗಳನ್ನು ಮೊದಲಿಂದ ಓದಿ. ದಿನದಿನಕ್ಕೆ ಕಾಣದ ದಾರಿ ಅಲ್ಲಿ ಒಟ್ಟಿಗೆ ಕಾಣುತ್ತದೆ. ಈ ಗಂಟೆಗಾಗಿಯೇ ನಾನು ಹೋಗುತ್ತೇನೆ ಎಂದರೂ ತಪ್ಪಿಲ್ಲ. ನಾಲ್ಕನೆಯದು ಪ್ರಾರ್ಥನೆಗೆ, ವಿಶೇಷವಾಗಿ ಇತರರಿಗಾಗಿ.

ಹೊರಟು ಬರುವಾಗ ಮೊಬೈಲನ್ನು ತಕ್ಷಣ ಹೊತ್ತಿಸಬೇಡಿ. ಆ ಮೌನದಲ್ಲಿ ಮತ್ತೆ ಮತ್ತೆ ನೆನಪಿಗೆ ಬಂದ ಒಂದು ಮುಖ ಇರುತ್ತದೆ: ಬಹಳ ದಿನಗಳಿಂದ ಮಾತುಬಿಟ್ಟವರು, ಕಾಯಿಲೆಯಲ್ಲಿ ಇರುವವರು, ನೀವು ಕ್ಷಮೆ ಕೇಳಬೇಕಾದವರು. ಮೊದಲ ಕರೆ ಅವರಿಗೆ ಹೋಗಲಿ. ಮಾರ್ಕನ ಮೊದಲ ಅಧ್ಯಾಯದಲ್ಲಿ, ಆ ಕತ್ತಲ ಮುಂಜಾನೆಯ ಪ್ರಾರ್ಥನೆ ಮುಗಿಸಿ ಬೇರೆ ಊರುಗಳತ್ತ ಹೊರಟ ಯೇಸುವಿನ ಮುಂದೆ ಬಂದು ಮೊಣಕಾಲೂರಿದವನು ಒಬ್ಬ ಕುಷ್ಠರೋಗಿ. ಯಾರೂ ಮುಟ್ಟದ ಅವನನ್ನು ಆತನು ಕೈಚಾಚಿ ಮುಟ್ಟಿದನು.